ಪದವಿ ಪೂರ್ವ ಹಂತದಲ್ಲಿ ಇತಿಹಾಸ ಅಧ್ಯಯನ (ಚಿತ್ರದುರ್ಗ ಜಿಲ್ಲೆ)

ಪದವಿ ಪೂರ್ವ ಹಂತದಲ್ಲಿ ಇತಿಹಾಸ ಅಧ್ಯಯನ ಎಂದರೆ ಕರ್ನಾಟಕದಲ್ಲಿ ಎಸ್‌.ಎಸ್‌.ಎಲ್‌.ಸಿ. ನಂತರದ ಎರಡು ವರ್ಷಗಳ ಪದವಿ ಪೂರ್ವ ಶಿಕ್ಷಣದಲ್ಲಿ (ಪಿ.ಯು.ಸಿ.) ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡು ಓದುವುದು. ಪ್ರೌಢಶಾಲೆಯವರೆಗೆ ಸಮಾಜ ವಿಜ್ಞಾನದ ಒಂದು ಭಾಗವಾಗಿರುವ ಇತಿಹಾಸವು ಈ ಹಂತದಲ್ಲಿ ಮೊದಲ ಬಾರಿಗೆ ಪ್ರತ್ಯೇಕ ವಿಷಯವಾಗುತ್ತದೆ. ಅದಕ್ಕೆ ತನ್ನದೇ ಆದ ಪಠ್ಯಪುಸ್ತಕ, ಉಪನ್ಯಾಸಕರು ಮತ್ತು 100 ಅಂಕಗಳ ಪರೀಕ್ಷೆ ಇರುತ್ತವೆ. ಈ ಲೇಖನವು ವಿಷಯದ ಸ್ವರೂಪ, ಪಠ್ಯಕ್ರಮ ಮತ್ತು ಪರೀಕ್ಷೆಯನ್ನು ವಿವರಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಐತಿಹಾಸಿಕ ಆಕರಗಳು ಈ ಅಧ್ಯಯನಕ್ಕೆ ಹೇಗೆ ನೆರವಾಗುತ್ತವೆ ಎಂಬುದನ್ನೂ ತಿಳಿಸುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳ ಶಿಕ್ಷಣವು ಪದವಿ ಪೂರ್ವ ಶಿಕ್ಷಣ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ದ್ವಿತೀಯ ವರ್ಷದ ರಾಜ್ಯ ಮಟ್ಟದ ಪರೀಕ್ಷೆಯನ್ನು ಈಗ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ. ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕು. ಪ್ರತಿ ವಿಷಯಕ್ಕೆ 100ರಂತೆ ಒಟ್ಟು ಅಂಕಗಳು 600. ಇತಿಹಾಸವನ್ನು ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಉತ್ತರಿಸಬಹುದು.

ಚಿತ್ರದುರ್ಗ ಜಿಲ್ಲೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಆರು ತಾಲ್ಲೂಕುಗಳಿವೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಭಾಗವೂ ಇದೇ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಅವು ನಂತರ ಬಂದವು.

ವಿಷಯ ಸಂಯೋಜನೆಗಳು

ಇತಿಹಾಸವನ್ನು ಒಂಟಿಯಾಗಿ ಆಯ್ದುಕೊಳ್ಳಲು ಬರುವುದಿಲ್ಲ. ಅದು ನಾಲ್ಕು ವಿಷಯಗಳ ಒಂದು ಸಂಯೋಜನೆಯ ಭಾಗವಾಗಿರುತ್ತದೆ. ಕಲಾ ವಿಭಾಗದಲ್ಲಿ ಹೆಚ್ಚು ಪ್ರಚಲಿತವಾದದ್ದು ಎಚ್‌.ಇ.ಪಿ.ಎಸ್‌., ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ. ಇವುಗಳಲ್ಲಿ ಒಂದರ ಬದಲು ಐಚ್ಛಿಕ ಕನ್ನಡ, ಭೂಗೋಳಶಾಸ್ತ್ರ, ಶಿಕ್ಷಣಶಾಸ್ತ್ರ ಅಥವಾ ಮನಶ್ಶಾಸ್ತ್ರ ಇರುವ ಸಂಯೋಜನೆಗಳೂ ಇವೆ. ಯಾವ ಕಾಲೇಜಿನಲ್ಲಿ ಯಾವುದು ಲಭ್ಯ ಎಂಬುದು ಅಲ್ಲಿಗೆ ಮಂಜೂರಾದ ವಿಷಯಗಳನ್ನು ಅವಲಂಬಿಸಿರುತ್ತದೆ.

ವಾಣಿಜ್ಯ ವಿಭಾಗದ ಎಚ್‌.ಇ.ಬಿ.ಎ. ಸಂಯೋಜನೆಯಲ್ಲಿಯೂ ಇತಿಹಾಸವಿದೆ. ಇಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರದ ಜೊತೆಗೆ ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರವನ್ನು ಓದಲಾಗುತ್ತದೆ. ಹೀಗಾಗಿ ಇತಿಹಾಸದ ತರಗತಿಯಲ್ಲಿ ಕಲಾ ವಿದ್ಯಾರ್ಥಿಗಳು ಮಾತ್ರ ಇರುತ್ತಾರೆ ಎಂಬ ತಿಳಿವಳಿಕೆ ಸರಿಯಲ್ಲ. ಎರಡೂ ವಿಭಾಗಗಳಿಗೆ ಪಠ್ಯ ಮತ್ತು ಪ್ರಶ್ನೆಪತ್ರಿಕೆ ಒಂದೇ.

ಪಠ್ಯಕ್ರಮ

ಪ್ರಥಮ ವರ್ಷ

ಪ್ರಥಮ ಪಿ.ಯು.ಸಿ.ಯಲ್ಲಿ ಪ್ರಪಂಚದ ಇತಿಹಾಸವನ್ನು ಬೋಧಿಸಲಾಗುತ್ತದೆ. ಇತಿಹಾಸದ ಅರ್ಥ ಮತ್ತು ಮಹತ್ವದಿಂದ ಆರಂಭವಾಗುವ ಪಠ್ಯವು ಪ್ರಾಚೀನ ನಾಗರಿಕತೆಗಳು, ಗ್ರೀಕ್ ಮತ್ತು ರೋಮನ್ ಪರಂಪರೆ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಉದಯ ಹಾಗೂ ಮಧ್ಯಯುಗವನ್ನು ಪರಿಚಯಿಸುತ್ತದೆ. ಅನಂತರ ಪುನರುಜ್ಜೀವನ, ಭೌಗೋಳಿಕ ಅನ್ವೇಷಣೆಗಳು, ಮತಸುಧಾರಣೆ ಮತ್ತು ಕೈಗಾರಿಕಾ ಕ್ರಾಂತಿ ಬರುತ್ತವೆ. ಅಮೆರಿಕ, ಫ್ರಾನ್ಸ್ ಮತ್ತು ರಷ್ಯಾದ ಕ್ರಾಂತಿಗಳು, ಇಟಲಿ ಮತ್ತು ಜರ್ಮನಿಯ ಏಕೀಕರಣ, ಎರಡು ಮಹಾಯುದ್ಧಗಳು ಹಾಗೂ ಸಮಕಾಲೀನ ಪ್ರಪಂಚದ ವಿಷಯಗಳು ಕೊನೆಯ ಭಾಗದಲ್ಲಿವೆ.

ದ್ವಿತೀಯ ವರ್ಷ

ದ್ವಿತೀಯ ಪಿ.ಯು.ಸಿ.ಯಲ್ಲಿ ಕರ್ನಾಟಕವನ್ನು ಒಳಗೊಂಡ ಭಾರತದ ಇತಿಹಾಸವನ್ನು ಓದಬೇಕು. ಭಾರತದ ಭೌಗೋಳಿಕ ಲಕ್ಷಣಗಳು ಮತ್ತು ಇತಿಹಾಸದ ಆಕರಗಳು ಮೊದಲ ಪಾಠಗಳಾಗಿವೆ. ಸಿಂಧೂ ನಾಗರಿಕತೆ, ವೈದಿಕ ಸಂಸ್ಕೃತಿ, ಜೈನ ಮತ್ತು ಬೌದ್ಧ ಧರ್ಮಗಳು, ಮೌರ್ಯರು ಮತ್ತು ಗುಪ್ತರು ಪ್ರಾಚೀನ ಭಾಗದಲ್ಲಿ ಬರುತ್ತಾರೆ. ದಕ್ಷಿಣದ ಅರಸುಮನೆತನಗಳು, ದೆಹಲಿ ಸುಲ್ತಾನರು, ಮೊಘಲರು, ವಿಜಯನಗರ ಮತ್ತು ಬಹಮನಿ ರಾಜ್ಯಗಳು, ಭಕ್ತಿ ಪರಂಪರೆ ಇವು ಮಧ್ಯಕಾಲೀನ ಭಾಗದ ಮುಖ್ಯ ವಸ್ತುಗಳು. ಆಧುನಿಕ ಭಾಗದಲ್ಲಿ ಯುರೋಪಿಯನ್ನರ ಆಗಮನ, 1857ರ ದಂಗೆ, ಸುಧಾರಣಾ ಚಳವಳಿಗಳು, ರಾಷ್ಟ್ರೀಯ ಚಳವಳಿ, ಮೈಸೂರು ಒಡೆಯರ ಆಳ್ವಿಕೆ ಮತ್ತು ಕರ್ನಾಟಕ ಏಕೀಕರಣದ ಪಾಠಗಳಿವೆ.

ಪರೀಕ್ಷಾ ಪದ್ಧತಿ

ಹಿಂದೆ ಇತಿಹಾಸಕ್ಕೆ ಪೂರ್ಣ 100 ಅಂಕಗಳ ಲಿಖಿತ ಪರೀಕ್ಷೆ ಇತ್ತು. ಪ್ರಯೋಗಾಲಯವಿಲ್ಲದ ವಿಷಯಗಳಿಗೂ ಆಂತರಿಕ ಮೌಲ್ಯಮಾಪನ ಬಂದ ನಂತರ ಅದು 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಆಂತರಿಕ ಅಂಕಗಳಾಗಿ ವಿಭಾಗವಾಯಿತು. ಆಂತರಿಕ ಅಂಕಗಳಲ್ಲಿ ಕಿರುಪರೀಕ್ಷೆಗಳ ಜೊತೆಗೆ ಯೋಜನಾ ಕಾರ್ಯವೂ ಸೇರುತ್ತದೆ. 2024ರಲ್ಲಿ ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಜಾರಿಗೆ ಬಂದಿತು. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಅಥವಾ ಅಂಕ ಹೆಚ್ಚಿಸಿಕೊಳ್ಳಬಯಸುವವರು ಮುಂದಿನ ಪರೀಕ್ಷೆಗಳಿಗೆ ಹಾಜರಾಗಬಹುದು.

ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಗಳಿಂದ ಪ್ರಬಂಧ ರೂಪದ ಪ್ರಶ್ನೆಗಳವರೆಗೆ ಹಲವು ಬಗೆಗಳಿವೆ. ಇತಿಹಾಸಕ್ಕೇ ವಿಶಿಷ್ಟವಾದ ಬಗೆಗಳು ಎರಡು. ಒಂದು, ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು. ಇನ್ನೊಂದು, ಭಾರತದ ನಕ್ಷೆಯಲ್ಲಿ ಐತಿಹಾಸಿಕ ಸ್ಥಳಗಳನ್ನು ಗುರುತಿಸಿ ಪ್ರತಿಯೊಂದಕ್ಕೂ ಕಿರುಟಿಪ್ಪಣಿ ಬರೆಯುವುದು. ಸ್ಥಳವನ್ನು ಸರಿಯಾಗಿ ಗುರುತಿಸಿ ಟಿಪ್ಪಣಿ ಬರೆಯದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ಆದ್ದರಿಂದ ಹರಪ್ಪ, ಲೋಥಾಲ್, ಬಾದಾಮಿ, ಹಂಪಿ, ಶ್ರೀರಂಗಪಟ್ಟಣದಂತಹ ಸ್ಥಳಗಳನ್ನು ನದಿ ಮತ್ತು ಕರಾವಳಿಗಳ ಆಧಾರದಲ್ಲಿ ನೆನಪಿಟ್ಟುಕೊಳ್ಳುವ ಅಭ್ಯಾಸ ಉಪಯುಕ್ತವಾಗುತ್ತದೆ.

ಫಲಿತಾಂಶ ಮತ್ತು ಕಲಾ ವಿಭಾಗದ ಸ್ಥಿತಿ

ದ್ವಿತೀಯ ಪಿ.ಯು.ಸಿ. ಫಲಿತಾಂಶದಲ್ಲಿ ಕಲಾ ವಿಭಾಗವು ವಿಜ್ಞಾನ ಮತ್ತು ವಾಣಿಜ್ಯ ವಿಭಾಗಗಳಿಗಿಂತ ಹಿಂದೆ ಉಳಿದಿರುವುದು ಹಲವು ವರ್ಷಗಳಲ್ಲಿ ಕಂಡುಬಂದಿದೆ. 2022ರಲ್ಲಿ ರಾಜ್ಯದ ಒಟ್ಟು ಉತ್ತೀರ್ಣತೆ ಶೇ. 61.88 ಇದ್ದಾಗ ವಿಜ್ಞಾನ ವಿಭಾಗದಲ್ಲಿ ಶೇ. 72.53, ವಾಣಿಜ್ಯದಲ್ಲಿ ಶೇ. 64.97 ಮತ್ತು ಕಲಾ ವಿಭಾಗದಲ್ಲಿ ಶೇ. 48.71 ವಿದ್ಯಾರ್ಥಿಗಳು ತೇರ್ಗಡೆಯಾದರು. ಅದೇ ವರ್ಷ ಜಿಲ್ಲಾವಾರು ಪಟ್ಟಿಯಲ್ಲಿ ಚಿತ್ರದುರ್ಗ ಶೇ. 49.31ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2019ರಲ್ಲಿಯೂ ಶೇ. 51.42ರೊಂದಿಗೆ ಜಿಲ್ಲೆ ಕೊನೆಯಲ್ಲಿತ್ತು. 2021ರಲ್ಲಿ ಕೋವಿಡ್ ಕಾರಣದಿಂದ ಪರೀಕ್ಷೆ ರದ್ದಾದುದರಿಂದ ಆ ವರ್ಷದ ಫಲಿತಾಂಶವನ್ನು ಇತರ ವರ್ಷಗಳೊಂದಿಗೆ ಹೋಲಿಸಲಾಗದು.

ಈ ಅಂಕಿಗಳು ಎಲ್ಲ ವಿಷಯಗಳ ಒಟ್ಟು ಫಲಿತಾಂಶವನ್ನು ಹೇಳುತ್ತವೆಯೇ ಹೊರತು ಇತಿಹಾಸ ವಿಷಯವೊಂದರ ಫಲಿತಾಂಶವನ್ನಲ್ಲ. ಒಂದೇ ವಿಷಯದಲ್ಲಿ ಅನುತ್ತೀರ್ಣರಾದರೂ ವಿದ್ಯಾರ್ಥಿ ಒಟ್ಟಾರೆ ಅನುತ್ತೀರ್ಣರ ಲೆಕ್ಕಕ್ಕೆ ಸೇರುತ್ತಾರೆ. ಹೆಚ್ಚು ಅಂಕ ಬಂದವರು ವಿಜ್ಞಾನಕ್ಕೆ, ಉಳಿದವರು ಕಲಾ ವಿಭಾಗಕ್ಕೆ ಎಂಬ ಸಾಮಾನ್ಯ ಧೋರಣೆಯೂ ಈ ಅಂತರವನ್ನು ಓದುವಾಗ ಗಮನದಲ್ಲಿರಬೇಕು. ವಿಭಾಗಗಳಿಗೆ ಸೇರುವಾಗಲೇ ವಿದ್ಯಾರ್ಥಿಗಳ ಕಲಿಕೆಯ ಮಟ್ಟ ಬೇರೆಬೇರೆಯಾಗಿದ್ದರೆ, ಕೊನೆಯ ಫಲಿತಾಂಶದಿಂದ ಮಾತ್ರ ಯಾವ ವಿಷಯ ಸುಲಭ, ಯಾವುದು ಕಠಿಣ ಎಂದು ನಿರ್ಧರಿಸಲು ಬರುವುದಿಲ್ಲ.

ಜಿಲ್ಲೆಯ ಐತಿಹಾಸಿಕ ಆಕರಗಳು

ರಾಜ್ಯ ಮಟ್ಟದ ಪಠ್ಯಪುಸ್ತಕದಲ್ಲಿ ಪ್ರತಿ ಜಿಲ್ಲೆಯ ಇತಿಹಾಸಕ್ಕೂ ವಿಸ್ತಾರವಾದ ಜಾಗ ದೊರೆಯುವುದಿಲ್ಲ. ಆದರೆ ಪಠ್ಯದಲ್ಲಿರುವ ಮುಖ್ಯ ಘಟ್ಟಗಳಲ್ಲಿ ಬಹುಪಾಲಿಗೆ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಪ್ರತ್ಯಕ್ಷ ಸಾಕ್ಷ್ಯಗಳಿವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಪ್ರಾಕೃತ ಭಾಷೆ ಮತ್ತು ಬ್ರಾಹ್ಮೀ ಲಿಪಿಯ ಈ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿವೆ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಒಂದು ಪದವನ್ನು ಬರೆದಿರುವುದು ಇದರ ವಿಶೇಷ. ಈ ಶಾಸನಗಳಲ್ಲಿ ಅಶೋಕ ಎಂಬ ಹೆಸರಿಲ್ಲ, ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ ಇದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಬಿರುದಿನೊಂದಿಗೆ ಅಶೋಕನ ಹೆಸರೂ ಇದ್ದುದರಿಂದ ಇಬ್ಬರೂ ಒಬ್ಬರೇ ಎಂಬುದು ದೃಢಪಟ್ಟಿತು. ಒಂದು ಆಕರವನ್ನು ಇನ್ನೊಂದರಿಂದ ಪರೀಕ್ಷಿಸುವ ಕ್ರಮಕ್ಕೆ ಇದು ಉತ್ತಮ ಉದಾಹರಣೆ.

ಚಿತ್ರದುರ್ಗ ತಾಲ್ಲೂಕು

ಚಿತ್ರದುರ್ಗ ನಗರದ ಅಂಚಿನಲ್ಲಿರುವ ಚಂದ್ರವಳ್ಳಿಯು ಶಾತವಾಹನರ ಕಾಲದ ಮುಖ್ಯ ನೆಲೆಯಾಗಿದೆ. ಎಂ.ಎಚ್. ಕೃಷ್ಣ ಅವರ ನೇತೃತ್ವದಲ್ಲಿ ಮೈಸೂರು ಪುರಾತತ್ತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿತು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡರಲ್ಲಿಯೂ ಉತ್ಖನನ ಮಾಡಿದರು. ಶಾತವಾಹನ ನಾಣ್ಯಗಳ ಜೊತೆಗೆ ಇಲ್ಲಿ ರೋಮನ್ ನಾಣ್ಯಗಳೂ ದೊರೆತಿವೆ. ಪ್ರಥಮ ವರ್ಷದಲ್ಲಿ ಓದುವ ರೋಮನ್ ಸಾಮ್ರಾಜ್ಯಕ್ಕೂ ದ್ವಿತೀಯ ವರ್ಷದಲ್ಲಿ ಓದುವ ದಖ್ಖನ್ ಇತಿಹಾಸಕ್ಕೂ ಇದ್ದ ವ್ಯಾಪಾರ ಸಂಬಂಧವನ್ನು ಈ ನಾಣ್ಯಗಳು ತೋರಿಸುತ್ತವೆ.

ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಗೆ ಸಂಬಂಧಿಸಿದ ಈ ಶಾಸನದಲ್ಲಿ ಮಯೂರಶರ್ಮನು ಗೆದ್ದ ಹಲವು ರಾಜ್ಯಗಳ ಹೆಸರುಗಳಿವೆ ಎಂದು ಎಂ.ಎಚ್. ಕೃಷ್ಣ ಓದಿದರು. ಸವೆದ ಅಕ್ಷರಗಳ ಈ ಓದನ್ನು ನಂತರದ ಕೆಲವು ವಿದ್ವಾಂಸರು ಒಪ್ಪಿಲ್ಲ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರುವ ಒಂದು ಸಂಗತಿಯ ಹಿಂದೆ ಎಷ್ಟು ಚರ್ಚೆ ಇರಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಚಿತ್ರದುರ್ಗದ ಬೆಟ್ಟವನ್ನು ಹಳೆಯ ಶಾಸನಗಳು ಬೆಮ್ಮತ್ತನಕಲ್ಲು ಎಂದು ಕರೆಯುತ್ತವೆ. ಏಳುಸುತ್ತಿನ ಕೋಟೆ ಎಂದು ಪ್ರಸಿದ್ಧವಾದ ಇಲ್ಲಿನ ಕೋಟೆಯು ನಾಯಕ ಅರಸರ ಕಾಲದಲ್ಲಿ ವಿಸ್ತಾರಗೊಂಡಿತು. 1779ರಲ್ಲಿ ಹೈದರ್ ಅಲಿಯು ಕೋಟೆಯನ್ನು ವಶಪಡಿಸಿಕೊಂಡು ಕೊನೆಯ ಅರಸ ಮದಕರಿ ನಾಯಕನನ್ನು ಸೆರೆಹಿಡಿದನು.

ಸ್ವಾತಂತ್ರ್ಯ ಚಳವಳಿಯ ದೃಷ್ಟಿಯಿಂದ ಇದೇ ತಾಲ್ಲೂಕಿನ ತುರುವನೂರು ಮುಖ್ಯವಾದುದು. 1939ರಲ್ಲಿ ಇಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ (1902–2000) ಅವರು ರಾಷ್ಟ್ರೀಯ ಚಳವಳಿಯಲ್ಲಿ ಮತ್ತು ಕರ್ನಾಟಕ ಏಕೀಕರಣದಲ್ಲಿ ಪ್ರಮುಖ ಪಾತ್ರ ವಹಿಸಿ, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಹಿರಿಯೂರು ತಾಲ್ಲೂಕು

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು ಆಧುನಿಕ ಮೈಸೂರಿನ ಪಾಠಕ್ಕೆ ಹತ್ತಿರದ ಉದಾಹರಣೆಯಾಗಿದೆ. ಇದರ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆರಂಭದಲ್ಲಿ ಕೆ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದರು. ಆಗ ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಡಲಾಗಿದೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಮಳೆ ಕಡಿಮೆಯಾದ ಪ್ರದೇಶದಲ್ಲಿ ನೀರಾವರಿಯು ಆಡಳಿತದ ಮುಖ್ಯ ಕಾರ್ಯವಾಗಿದ್ದುದನ್ನು ಚಂದ್ರವಳ್ಳಿಯ ಕೆರೆಯ ಶಾಸನದಿಂದ ಮಾರಿಕಣಿವೆಯ ಅಣೆಕಟ್ಟಿನವರೆಗೆ ಗುರುತಿಸಬಹುದು. ಹಿರಿಯೂರು ಪಟ್ಟಣದ ತೇರುಮಲ್ಲೇಶ್ವರ ದೇವಾಲಯವೂ ಅಧ್ಯಯನಯೋಗ್ಯ ಸ್ಮಾರಕವಾಗಿದೆ.

ಹೊಸದುರ್ಗ ತಾಲ್ಲೂಕು

ಹೊಸದುರ್ಗ ಎಂಬ ಹೆಸರೇ ಹೊಸ ಕೋಟೆಯನ್ನು ಸೂಚಿಸುತ್ತದೆ. ಇಲ್ಲಿನ ಬೆಟ್ಟದ ಕೋಟೆಯನ್ನು ಚಿತ್ರದುರ್ಗದ ನಾಯಕರ ಕಾಲಕ್ಕೆ ಸೇರಿಸಲಾಗುತ್ತದೆ. ತಾಲ್ಲೂಕಿನ ನೀರಗುಂದವು ಗಂಗರ ಕಾಲದ ನೀರ್ಗುಂದ ನಾಡಿನ ಕೇಂದ್ರವಾಗಿತ್ತು. ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಬಾಗೂರಿನಲ್ಲಿ ಚೆನ್ನಕೇಶವ ದೇವಾಲಯವಿದೆ. ಗಂಗರು, ಹೊಯ್ಸಳರು ಮತ್ತು ನಾಯಕರು ಎಂಬ ಮೂರು ಕಾಲಘಟ್ಟಗಳನ್ನು ಒಂದೇ ತಾಲ್ಲೂಕಿನಲ್ಲಿ ಹೋಲಿಸಿ ನೋಡಲು ಇಲ್ಲಿ ಸಾಧ್ಯವಿದೆ.

ಹೊಳಲ್ಕೆರೆ ತಾಲ್ಲೂಕು

ಚಿತ್ರದುರ್ಗ ನಾಯಕ ಮನೆತನದ ಮೂಲಪುರುಷ ತಿಮ್ಮಣ್ಣ ನಾಯಕನನ್ನು ವಿಜಯನಗರದ ಅರಸರು ಮೊದಲು ಹೊಳಲ್ಕೆರೆಗೆ, ನಂತರ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ನಾಯಕನನ್ನಾಗಿ ನೇಮಿಸಿದರೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಈ ದೃಷ್ಟಿಯಿಂದ ವಿಜಯನಗರದ ನಾಯಕ ಪದ್ಧತಿಯು ಸ್ಥಳೀಯ ಅರಸುಮನೆತನವಾಗಿ ಬೆಳೆದ ಬಗೆಯನ್ನು ತಿಳಿಯಲು ಹೊಳಲ್ಕೆರೆ ಆರಂಭದ ಸ್ಥಳವಾಗುತ್ತದೆ. ಪಟ್ಟಣದ ಬೃಹತ್ ಗಣಪತಿ ವಿಗ್ರಹವು ಪ್ರಸಿದ್ಧವಾಗಿದೆ.

ಇತಿಹಾಸ, ಐತಿಹ್ಯ ಮತ್ತು ಕಾದಂಬರಿ

ಚಿತ್ರದುರ್ಗದ ಇತಿಹಾಸವು ಹೆಚ್ಚಿನ ಜನರಿಗೆ ತಲುಪಿರುವುದು ಶಾಸನಗಳಿಂದಲ್ಲ. ಜನಪದ ಕಥನ, ಕಾದಂಬರಿ, ನಾಟಕ ಮತ್ತು ಚಲನಚಿತ್ರಗಳ ಮೂಲಕ ಅದು ಮನೆಮನೆಗೆ ತಲುಪಿದೆ. ತ.ರಾ. ಸುಬ್ಬರಾವ್ ಅವರ ಐತಿಹಾಸಿಕ ಕಾದಂಬರಿಗಳಲ್ಲಿ ಕೊನೆಯದಾದ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1972ರ ‘ನಾಗರಹಾವು’ ಚಲನಚಿತ್ರವು ಒನಕೆ ಓಬವ್ವನ ಕಥೆಯನ್ನು ನಾಡಿನಾದ್ಯಂತ ಪರಿಚಯಿಸಿತು. 2021ರಿಂದ ರಾಜ್ಯ ಸರ್ಕಾರವು ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಒಂದು ವಿವೇಚನೆ ಅಗತ್ಯ. ಕಾದಂಬರಿಕಾರನು ಆಕರಗಳನ್ನು ಓದಿದ್ದರೂ ಪಾತ್ರಗಳ ಮಾತು, ಮನಸ್ಸು ಮತ್ತು ಏಕಾಂತದ ಘಟನೆಗಳನ್ನು ಕಲ್ಪಿಸುವ ಸ್ವಾತಂತ್ರ್ಯ ಅವನಿಗಿದೆ. ಆ ಸಂಭಾಷಣೆಗಳನ್ನು ಪರೀಕ್ಷೆಯ ಉತ್ತರದಲ್ಲಿಯೋ ಯೋಜನಾ ವರದಿಯಲ್ಲಿಯೋ ಐತಿಹಾಸಿಕ ಹೇಳಿಕೆಗಳೆಂದು ಬಳಸಲು ಬರುವುದಿಲ್ಲ. ಓಬವ್ವನ ವೃತ್ತಾಂತವು ಮುಖ್ಯವಾಗಿ ಮೌಖಿಕ ಪರಂಪರೆಯಿಂದ ಬಂದಿದೆ. ಹಾಗೆಂದು ಅದನ್ನು ಸುಳ್ಳೆಂದು ತಳ್ಳಿಹಾಕುವುದೂ ಇತಿಹಾಸಕಾರನ ಕ್ರಮವಲ್ಲ. ಅರಸರನ್ನು ಹೊಗಳುವ ಶಾಸನಗಳಲ್ಲಿ ಕಾವಲುಗಾರನ ಹೆಂಡತಿಗೆ ಜಾಗವಿರುವುದು ವಿರಳ. ಅಂಥವರ ನೆನಪು ಉಳಿಯುವುದು ಹೆಚ್ಚಾಗಿ ಜನರ ಬಾಯಿಯಲ್ಲಿ. ಆದ್ದರಿಂದ ಕಥೆಯನ್ನು ಯಾರು ಹೇಳುತ್ತಾರೆ, ಅದು ಯಾವಾಗ ಬರಹಕ್ಕೆ ಇಳಿಯಿತು, ಹೇಳುವವರಿಂದ ಹೇಳುವವರಿಗೆ ಏನು ಬದಲಾಗಿದೆ ಎಂಬುದನ್ನು ದಾಖಲಿಸಬೇಕು.

ಬರಹದ ಆಕರಗಳಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಚಿತ್ರದುರ್ಗದ ಪತನದ ಬಗ್ಗೆ ಬರೆದ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವನು. ಹೈದರ್ ಮತ್ತು ಟಿಪ್ಪುವಿನ ವಿರುದ್ಧ ಯುದ್ಧ ಮಾಡಿ ಗೆದ್ದ ಕಂಪನಿಯ ದೃಷ್ಟಿಕೋನವು ಅವನ ಬರಹದಲ್ಲಿ ಇರುವುದು ಸಹಜ. ಪಾಳೆಯಗಾರರ ಮನೆತನಗಳ ಕೈಫಿಯತ್ತುಗಳು ಮತ್ತು ಬಖೈರುಗಳು ತಮ್ಮ ಒಡೆಯರ ಹಿರಿಮೆಯನ್ನು ಹೇಳಲು ಹೊರಟವು. ಎರಡನ್ನೂ ಓದಿ, ಪರಸ್ಪರ ಒಪ್ಪುವ ಮತ್ತು ಒಪ್ಪದ ಅಂಶಗಳನ್ನು ಬೇರ್ಪಡಿಸಿದಾಗ ಮಾತ್ರ ಘಟನೆಯ ಚಿತ್ರ ಸ್ಪಷ್ಟವಾಗುತ್ತದೆ.

ಆಧಾರ ಗ್ರಂಥಗಳು ಮತ್ತು ಸಂಶೋಧಕರು

ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಪ್ರಕಟಿಸಲಾಗಿದೆ. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಜಿಲ್ಲೆಯ ಹೆಸರು ‘ಚಿತಲ್‌ದ್ರೂಗ್’ ಎಂದಿರುವುದನ್ನು ಹುಡುಕುವವರು ಗಮನಿಸಬೇಕು. ಆಗಿನ ಜಿಲ್ಲೆಯಲ್ಲಿ ದಾವಣಗೆರೆಯೂ ಸೇರಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲ ತಪ್ಪುತ್ತದೆ. 1967ರಲ್ಲಿ ಪ್ರಕಟವಾದ ಚಿತ್ರದುರ್ಗ ಜಿಲ್ಲಾ ಗ್ಯಾಸೆಟಿಯರ್‌ನಲ್ಲಿ ಇತಿಹಾಸದ ಜೊತೆಗೆ ಕೃಷಿ, ನೀರಾವರಿ, ಜನಸಂಖ್ಯೆ ಮತ್ತು ಊರುಗಳ ವಿವರಗಳಿವೆ.

ಎಂ.ಎಸ್. ಪುಟ್ಟಣ್ಣ ಅವರ ‘ಚಿತ್ರದುರ್ಗದ ಪಾಳೆಯಗಾರರು’ ನಾಯಕರ ಕುರಿತ ಕನ್ನಡದ ಆರಂಭದ ಗ್ರಂಥಗಳಲ್ಲಿ ಒಂದು. ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆಗರಿ, ಕಡತ ಮತ್ತು ಸ್ಥಳೀಯ ಆಕರಗಳ ಸಂಗ್ರಹಕ್ಕಾಗಿ ಹೆಸರಾದವರು. ನಂತರದ ತಲೆಮಾರಿನಲ್ಲಿ ಲಕ್ಷ್ಮಣ ತೆಲಗಾವಿ ಮತ್ತು ಬಿ. ರಾಜಶೇಖರಪ್ಪ ಅವರು ಜಿಲ್ಲೆಯ ಇತಿಹಾಸ ಮತ್ತು ಶಾಸನಗಳ ಕುರಿತು ಸಂಶೋಧನೆ ನಡೆಸಿದ್ದಾರೆ. ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಜಿಲ್ಲೆಯ ಪ್ರಾಚ್ಯವಸ್ತುಗಳನ್ನು ನೋಡಬಹುದು.

ಯೋಜನಾ ಕಾರ್ಯ

ಆಂತರಿಕ ಮೌಲ್ಯಮಾಪನದ ಯೋಜನಾ ಕಾರ್ಯವನ್ನು ಸ್ಥಳೀಯ ಇತಿಹಾಸದ ಅಧ್ಯಯನಕ್ಕೆ ಬಳಸಿಕೊಳ್ಳಬಹುದು. ಊರಿನ ವೀರಗಲ್ಲು, ಮಾಸ್ತಿಕಲ್ಲು, ಕೆರೆ, ದೇವಾಲಯ, ಸಂತೆ ಅಥವಾ ಸ್ವಾತಂತ್ರ್ಯ ಚಳವಳಿಯ ನೆನಪುಗಳು ಸೂಕ್ತ ವಸ್ತುಗಳಾಗುತ್ತವೆ. ವಸ್ತು ಚಿಕ್ಕದಾದಷ್ಟೂ ವರದಿ ಸ್ಪಷ್ಟವಾಗುತ್ತದೆ. ‘ಚಿತ್ರದುರ್ಗದ ಇತಿಹಾಸ’ ಎಂಬ ಶೀರ್ಷಿಕೆಗಿಂತ ‘ನಮ್ಮ ಊರಿನ ಕೆರೆ ಏರಿಯ ಮೇಲಿನ ಮೂರು ವೀರಗಲ್ಲುಗಳು’ ಎಂಬುದು ನಿಭಾಯಿಸಲು ಸುಲಭ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲೆ ಅವನು ಶಿವಲಿಂಗದ ಅಥವಾ ಇಷ್ಟದೈವದ ಸನ್ನಿಧಿಯಲ್ಲಿರುವ ದೃಶ್ಯ ಇರುತ್ತದೆ. ದನಗಳ ಚಿತ್ರವಿದ್ದರೆ ಅದು ತುರುಗೋಳ್ ಕಾಳಗದಲ್ಲಿ ಮಡಿದವನ ಸ್ಮಾರಕವಾಗಿರುವ ಸಾಧ್ಯತೆ ಹೆಚ್ಚು. ಕಲ್ಲಿನ ಅಳತೆ, ಇರುವ ಸ್ಥಳ, ಮುಖ ಮಾಡಿರುವ ದಿಕ್ಕು ಮತ್ತು ಊರಿನವರು ಅದನ್ನು ಕರೆಯುವ ಹೆಸರನ್ನು ಬರೆದುಕೊಳ್ಳಬೇಕು.

ಶಾಸನದ ಕಾಲವನ್ನು ತಿಳಿಯಲು ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸುಮಾರು ಕ್ರಿಸ್ತಶಕ ವರ್ಷ ದೊರೆಯುತ್ತದೆ. ಉದಾಹರಣೆಗೆ ಶಕ 1200 ಎಂದರೆ ಕ್ರಿ.ಶ. 1278. ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕಾಗುತ್ತದೆ. ಶಕವರ್ಷವಿಲ್ಲದೆ ಸಂವತ್ಸರದ ಹೆಸರು ಮಾತ್ರ ಇದ್ದರೆ, ಅದು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಅರಸನ ಹೆಸರು ಅಥವಾ ಲಿಪಿಯ ಸ್ವರೂಪದ ನೆರವು ಬೇಕಾಗುತ್ತದೆ.

ಅಕ್ಷರಗಳು ಕಾಣಲೆಂದು ಶಾಸನಕ್ಕೆ ಸುಣ್ಣ, ಎಣ್ಣೆ ಅಥವಾ ಬಣ್ಣ ಬಳಿಯುವುದು, ಕಲ್ಲನ್ನು ಚೂಪಾದ ವಸ್ತುವಿನಿಂದ ಕೆರೆಯುವುದು ಅದಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧವಾಗಿದೆ.

ಇತರ ಮಂಡಳಿಗಳಲ್ಲಿ

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ (ಸಿ.ಬಿ.ಎಸ್‌.ಇ.) 11 ಮತ್ತು 12ನೆಯ ತರಗತಿಗಳಲ್ಲಿಯೂ ಇತಿಹಾಸವು ಐಚ್ಛಿಕ ವಿಷಯವಾಗಿದೆ. ಅಲ್ಲಿಯೂ ಮೊದಲ ವರ್ಷ ಪ್ರಪಂಚದ ಇತಿಹಾಸವನ್ನು, ಎರಡನೆಯ ವರ್ಷ ಭಾರತದ ಇತಿಹಾಸವನ್ನು ಓದಲಾಗುತ್ತದೆ. ಆದರೆ ಎನ್‌.ಸಿ.ಇ.ಆರ್‌.ಟಿ. ಪಠ್ಯವು ಅರಸುಮನೆತನಗಳ ಅನುಕ್ರಮಕ್ಕಿಂತ ಆಯ್ದ ವಸ್ತುಗಳನ್ನು ಆಧರಿಸಿದೆ. ವಿಜಯನಗರದ ರಾಜಧಾನಿಯ ಕುರಿತ ಪ್ರತ್ಯೇಕ ಅಧ್ಯಾಯ ಅದರಲ್ಲಿದೆ. ಬ್ರಿಟನ್ನಿನ ಎ-ಲೆವೆಲ್ ಇತಿಹಾಸದಲ್ಲಿ ಆಕರಗಳ ಮೌಲ್ಯವನ್ನು ವಿಮರ್ಶಿಸುವ ಪ್ರಶ್ನೆಗಳು ಮುಖ್ಯವಾಗಿದ್ದು, ವಿದ್ಯಾರ್ಥಿಯು ಸ್ವತಂತ್ರವಾಗಿ ಬರೆಯುವ ದೀರ್ಘ ಪ್ರಬಂಧಕ್ಕೆ ಶೇ. 20ರಷ್ಟು ಅಂಕಗಳಿವೆ. ಕರ್ನಾಟಕದ ಪದ್ಧತಿಯಲ್ಲಿ ಪಠ್ಯದ ವ್ಯಾಪ್ತಿ ಹೆಚ್ಚು. ಆಕರಗಳನ್ನು ಸ್ವತಃ ಪರಿಶೀಲಿಸಲು ದೊರೆಯುವ ಮುಖ್ಯ ಅವಕಾಶ ಯೋಜನಾ ಕಾರ್ಯವೇ.

ಮುಂದಿನ ಶಿಕ್ಷಣ ಮತ್ತು ಉದ್ಯೋಗ

ಪಿ.ಯು.ಸಿ.ಯಲ್ಲಿ ಇತಿಹಾಸ ಓದಿದವರು ಬಿ.ಎ. ಪದವಿಯಲ್ಲಿ ಅದನ್ನು ಮುಂದುವರಿಸಬಹುದು. ಬಿ.ಎ. ನಂತರ ಬಿ.ಇಡಿ. ಮಾಡಿದವರು ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಶಿಕ್ಷಕರಾಗಲು, ಎಂ.ಎ. ಮತ್ತು ಬಿ.ಇಡಿ. ಮಾಡಿದವರು ಪದವಿ ಪೂರ್ವ ಕಾಲೇಜುಗಳಲ್ಲಿ ಉಪನ್ಯಾಸಕರಾಗಲು ಅರ್ಹತೆ ಪಡೆಯುತ್ತಾರೆ. ಪುರಾತತ್ತ್ವ, ವಸ್ತುಸಂಗ್ರಹಾಲಯ, ಪತ್ರಾಗಾರ, ಪ್ರವಾಸೋದ್ಯಮ, ಕಾನೂನು ಮತ್ತು ಪತ್ರಿಕೋದ್ಯಮ ಕ್ಷೇತ್ರಗಳಿಗೂ ಈ ವಿಷಯ ಪೂರಕವಾಗಿದೆ. ಕೇಂದ್ರ ಮತ್ತು ರಾಜ್ಯ ಲೋಕಸೇವಾ ಆಯೋಗಗಳ ಪರೀಕ್ಷೆಗಳ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ಇತಿಹಾಸ ಒಂದು ಪ್ರಮುಖ ಭಾಗವಾಗಿದೆ.

ಶಾಸನಗಳನ್ನು ಓದಲು ಬಯಸುವವರಿಗೆ ಹಳಗನ್ನಡದ ಪರಿಚಯ ಅಗತ್ಯವಾದುದರಿಂದ ಇತಿಹಾಸದೊಂದಿಗೆ ಐಚ್ಛಿಕ ಕನ್ನಡವಿರುವ ಸಂಯೋಜನೆ ಪ್ರಯೋಜನಕಾರಿ. ಹೊರಗಿನ ಆಕರ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷ್‌ನಲ್ಲಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಪಿ.ಯು.ಸಿ. ಹಂತದಲ್ಲಿಯೇ ಇಂಗ್ಲಿಷ್ ಓದನ್ನು ರೂಢಿಸಿಕೊಂಡರೆ ಉನ್ನತ ವ್ಯಾಸಂಗ ಸುಗಮವಾಗುತ್ತದೆ.